ಹೌಲ್ಯಾಂಡ್ ತಲುಪದ ವಿಮಾನ

ಅಮೇಲಿಯಾ ಇಯರ್‌ಹಾರ್ಟ್ ಹೆಸರನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತೇವೆ. ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ಹಾರಿ ದಾಟಿದ ಮೊದಲ ಮಹಿಳೆ. ಆಮೇಲೊಂದು ದಿನ ಶಾಂತಸಾಗರದ ಮೇಲೆ ಕಾಣೆಯಾದವರು. ಅವರ ಕಥೆ ಹೇಳುವವರು ಸಾಮಾನ್ಯವಾಗಿ 'ನಿಗೂಢ' ಎಂಬ ಪದದಿಂದ ಶುರುಮಾಡಿ ಅದರಲ್ಲೇ ಮುಗಿಸುತ್ತಾರೆ. ಜಪಾನೀಯರು ಹಿಡಿದರು, ಬೇಹುಗಾರಿಕೆಗೆ ಹೋಗಿದ್ದರು, ಹೆಸರು ಬದಲಿಸಿಕೊಂಡು ಬದುಕಿದ್ದರು ಎಂಬ ಕಥೆಗಳಿಗೆ ಲೆಕ್ಕವಿಲ್ಲ. ದಿನವಿಡೀ ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಮಾಡುವ ನನಗೆ ಮಾತ್ರ ಈ ಇತಿಹಾಸದಲ್ಲಿ ಕಾಣುವುದು ನಿಗೂಢತೆಯಲ್ಲ. ತೀರಾ ಪರಿಚಿತವಾದ ಇನ್ನೊಂದು ಸಂಗತಿ.

ಮೊದಲು ಮನುಷ್ಯಳನ್ನು ನೋಡೋಣ. 1928ರಲ್ಲಿ ಅಮೇಲಿಯಾ ಅಟ್ಲಾಂಟಿಕ್ ದಾಟಿದ್ದು ಪ್ರಯಾಣಿಕಳಾಗಿ. ವಿಮಾನ ನಡೆಸಿದವರು ಗಂಡಸರು. ಹೊಗಳಿಕೆ ಮಾತ್ರ ಇವರಿಗೆ ಬಂತು. ಆಲೂಗಡ್ಡೆ ಮೂಟೆಯ ಹಾಗೆ ಕೂತಿದ್ದೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. 1932ರ ಮೇ ತಿಂಗಳಲ್ಲಿ ಒಬ್ಬರೇ ಹೊರಟು, ಸುಮಾರು 15 ಗಂಟೆ ಹಾರಿ, ಉತ್ತರ ಐರ್ಲೆಂಡಿನ ಹೊಲವೊಂದರಲ್ಲಿ ಇಳಿದು ಆ ಸಾಲವನ್ನು ತೀರಿಸಿದರು. ಮಹಿಳಾ ಪೈಲಟ್‌ಗಳ ಸಂಘ 'ನೈಂಟಿ ನೈನ್ಸ್'ನ ಮೊದಲ ಅಧ್ಯಕ್ಷೆಯೂ ಅವರೇ. 99 ಸದಸ್ಯೆಯರೊಂದಿಗೆ ಶುರುವಾದ್ದರಿಂದ ಆ ಹೆಸರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಉದ್ಯೋಗದ ಬಗ್ಗೆ ಸಲಹೆ ಕೊಡುತ್ತಿದ್ದರು. ಅವರ ಕೊನೆಯ ವಿಮಾನಕ್ಕೆ ಹಣ ಒದಗಿದ್ದೂ ಆ ವಿಶ್ವವಿದ್ಯಾಲಯದ ಮೂಲಕವೇ.

ಆ ವಿಮಾನ ಲಾಕ್‌ಹೀಡ್ ಎಲೆಕ್ಟ್ರಾ. ಹತ್ತು ಜನ ಪ್ರಯಾಣಿಕರನ್ನು ಒಯ್ಯುವ, ಎರಡು ಎಂಜಿನ್ನಿನ ಸಣ್ಣ ವಿಮಾನ. ಸೀಟುಗಳ ಜಾಗದಲ್ಲಿ ಪೆಟ್ರೋಲ್ ಟ್ಯಾಂಕ್‌ಗಳನ್ನು ಕೂರಿಸಿ, ಸಮಭಾಜಕ ವೃತ್ತದ ಹತ್ತಿರದಿಂದಲೇ ಭೂಮಿಯನ್ನು ಸುತ್ತುವುದು ಅವರ ಯೋಜನೆ. ಜೊತೆಗಿದ್ದವರು ನ್ಯಾವಿಗೇಟರ್ ಫ್ರೆಡ್ ನೂನನ್. 1937ರ ಜೂನ್ ನಡುವೆ ಅವರು ನಮ್ಮ ಉಪಖಂಡಕ್ಕೂ ಬಂದಿದ್ದರು. ಕರಾಚಿಯಲ್ಲಿ ಇಳಿದು ಒಂಟೆ ಸವಾರಿ ಮಾಡಿದರು. ಕಲ್ಕತ್ತೆಯ ಡಮ್ ಡಮ್‌ನಲ್ಲಿ ತಂಗಿದರು. ಅಲ್ಲಿಂದ ಮುಂದೆ ಮುಂಗಾರು ಮಳೆ ಸಾಕಷ್ಟು ಕಾಡಿಸಿತು. ನ್ಯೂಗಿನಿಯ ಲೇ ಪಟ್ಟಣ ಮುಟ್ಟುವಾಗ ಸುಮಾರು 35,000 ಕಿ.ಮೀ. ಮುಗಿದಿತ್ತು.

ಮುಂದಿನ ಹಂತವೇ ಕಠಿಣ. ಲೇಯಿಂದ ಹೌಲ್ಯಾಂಡ್ ದ್ವೀಪಕ್ಕೆ 4,100 ಕಿ.ಮೀ., ನಡುವೆ ಬಹುಪಾಲು ನೀರು. ಹೌಲ್ಯಾಂಡ್ ಉದ್ದ ಎರಡೂವರೆ ಕಿ.ಮೀ.ಗೂ ಕಡಿಮೆ, ಎತ್ತರ ಕೆಲವೇ ಮೀಟರ್. ಬೆಳಗಿನ ಬಿಸಿಲಲ್ಲಿ ಮೋಡದ ನೆರಳೂ ದ್ವೀಪವೂ ಒಂದೇ ಥರ ಕಾಣುವ ಜಾಗ. ಸೂರ್ಯ, ನಕ್ಷತ್ರಗಳನ್ನು ನೋಡಿ ನೂನನ್ ಹತ್ತಿರದವರೆಗೆ ತರಬಲ್ಲವರು. ಕೊನೆಯ ಹಾದಿಗೆ ರೇಡಿಯೊ ಬೇಕೇ ಬೇಕು. ಅದಕ್ಕಾಗಿ ಅಮೆರಿಕದ ಕರಾವಳಿ ಪಡೆಯ 'ಇಟಾಸ್ಕಾ' ಹಡಗು ದ್ವೀಪದ ಬಳಿ ಕಾದು ನಿಂತಿತ್ತು.

ಜುಲೈ 2ರ ಬೆಳಗ್ಗೆ 10 ಗಂಟೆಗೆ ಅವರು ಲೇಯಿಂದ ಹೊರಟರು. ಇಡೀ ರಾತ್ರಿ ಹಾರಿದ ಮೇಲೆ, ಇಟಾಸ್ಕಾದ ಗಡಿಯಾರದಲ್ಲಿ 7:42ಕ್ಕೆ ಅಮೇಲಿಯಾ ದನಿ ಕೇಳಿಸಿತು: ನಿಮ್ಮ ಮೇಲೆಯೇ ಇರಬೇಕು, ಕಾಣುತ್ತಿಲ್ಲ, ಇಂಧನ ಮುಗಿಯುತ್ತಿದೆ ಎಂಬ ಅರ್ಥದ ಮಾತು. 8:43ಕ್ಕೆ ಕೊನೆಯ ಸಂದೇಶಗಳು: 157-337 ರೇಖೆಯ ಮೇಲೆ ಉತ್ತರ ದಕ್ಷಿಣವಾಗಿ ಹಾರುತ್ತಿದ್ದೇವೆ. ದನಿ ಜೋರಾಗಿಯೇ ಇತ್ತು. ಅಂದರೆ ಅವರು ದೂರದಲ್ಲಿರಲಿಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಹಡಗು ಅವರ ಮಾತು ಕೇಳುತ್ತಿತ್ತು; ಹಡಗಿನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಹಡಗಿನವರು 7500 ಕಿಲೋಸೈಕಲ್‌ನಲ್ಲಿ ಕಳಿಸಿದ ಮೋರ್ಸ್ ಸದ್ದೊಂದು ಮಾತ್ರ ಕೇಳಿಸಿತು, ಆದರೆ ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ವಿಮಾನದ ಉಪಕರಣಕ್ಕೆ ದಿಕ್ಕು ಹಿಡಿಯಲಾಗಲಿಲ್ಲ. ಅಮೇಲಿಯಾ ತಮ್ಮ 3105ರ ಮೇಲೆ ದಿಕ್ಕು ಹೇಳಿ ಎಂದು ಕೇಳಿದರು. ಹಡಗಿನ ಯಂತ್ರ 550ರ ಒಳಗೆ ಮಾತ್ರ ಕೆಲಸ ಮಾಡುವಂಥದ್ದು. ದ್ವೀಪದ ಮೇಲೆ ತಂದಿಟ್ಟಿದ್ದ ಇನ್ನೊಂದು ಯಂತ್ರದ ಬ್ಯಾಟರಿ ಇಳಿದುಹೋಗಿತ್ತು. ವಿಮಾನದ ಉದ್ದನೆಯ ಆಂಟೆನಾ, ಮೋರ್ಸ್ ಕೀಲಿ ಎರಡನ್ನೂ ಮೊದಲೇ ಬಿಟ್ಟುಬಂದಿದ್ದರು. ಲೇಯಲ್ಲಿ ಮಾಡಿದ ಪರೀಕ್ಷೆಯಲ್ಲೂ ದಿಕ್ಕುಸೂಚಕ ಕೈಕೊಟ್ಟಿತ್ತು. ಕೇಂದ್ರ ತೀರಾ ಹತ್ತಿರವಿದೆ, ಅದಕ್ಕೇ ಹಾಗೆ ಎಂದುಕೊಂಡರು. ಕೊನೆಗೆ ಗಡಿಯಾರವೂ ಬೇರೆ. ಇವರು ಗ್ರೀನಿಚ್ ಸಮಯದಲ್ಲಿದ್ದರು. ಹಡಗಿನವರದು ಹನ್ನೊಂದೂವರೆ ಗಂಟೆ ಹಿಂದಿನ ಸಮಯ. ಆ ಅರ್ಧ ಗಂಟೆಯ ವ್ಯತ್ಯಾಸವೇ ಸಾಕು, ಒಬ್ಬರು ಕಿವಿಗೊಡುವ ಹೊತ್ತಿಗೆ ಇನ್ನೊಬ್ಬರು ಬಾಯಿ ಮುಚ್ಚಿರಲು.

ಯಾರೂ ಮೂರ್ಖರಲ್ಲ, ಯಾರೂ ಸೋಮಾರಿಗಳಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಕೆಲಸವನ್ನು ಮಾಡುತ್ತಲೇ ಇದ್ದರು. ಕೂತು ಒಂದೇ ಕಾಗದದ ಮೇಲೆ 'ಯಾವ ಫ್ರೀಕ್ವೆನ್ಸಿ, ಯಾವ ಗಡಿಯಾರ, ಯಾರು ಯಾರ ದಿಕ್ಕು ಹೇಳಬೇಕು' ಎಂದು ಬರೆದು ಒಪ್ಪಿಕೊಂಡಿರಲಿಲ್ಲ, ಅಷ್ಟೆ. ನನ್ನ ವೃತ್ತಿಯಲ್ಲಿರುವವರಿಗೆ ಇದು ಎದೆ ಝಲ್ಲೆನಿಸುವ ವಿಷಯ. ನಮ್ಮಲ್ಲಿ ಇಂಥದ್ದಾದರೆ ಒಂದು ಸರ್ವರ್ ನಿಲ್ಲುತ್ತದೆ, ಅಲ್ಲಿ ಎರಡು ಜೀವ ಹೋಯಿತು.

ನೌಕಾಪಡೆ 'ಲೆಕ್ಸಿಂಗ್ಟನ್' ಯುದ್ಧನೌಕೆಯ ವಿಮಾನಗಳನ್ನೂ ಸೇರಿಸಿ ಸುಮಾರು 6.5 ಲಕ್ಷ ಚದರ ಕಿ.ಮೀ. ಜಾಲಾಡಿತು. ಅದು ಮೂರು ಕರ್ನಾಟಕಕ್ಕಿಂತ ಹೆಚ್ಚು ಜಾಗ. ಜುಲೈ 19ಕ್ಕೆ ಶೋಧ ನಿಂತಿತು. ಕಾಣೆಯಾದಾಗ 40 ತುಂಬಲು ಅಮೇಲಿಯಾಗೆ ಮೂರೇ ವಾರ ಬಾಕಿಯಿತ್ತು. ಹುಡುಕಾಟ ಇಂದಿಗೂ ಮುಗಿದಿಲ್ಲ. 2024ರ ಆರಂಭದಲ್ಲಿ ಸಮುದ್ರದ ತಳದಲ್ಲಿ ವಿಮಾನದಂತೆ ಕಂಡ ಸೋನಾರ್ ಚಿತ್ರ ಸುದ್ದಿಯಾಯಿತು. ಅದೇ ವರ್ಷದ ಕೊನೆಗೆ ಅದು ಬಂಡೆ ಎಂದು ಗೊತ್ತಾಯಿತು.

ಅಮೇಲಿಯಾ ಹೆಣ್ಣು ಎಂದು ಸಿದ್ಧತೆಯ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಹೆಣ್ಣಾದ್ದರಿಂದಲೇ ಹೀಗಾಯಿತು ಎನ್ನುವುದೂ ಸುಳ್ಳು. ಆ ಕಾಲದಲ್ಲಿ ಸಾಗರದಲ್ಲಿ ಕಾಣೆಯಾದ ಗಂಡಸು ಪೈಲಟ್‌ಗಳೂ ಕಡಿಮೆಯಿರಲಿಲ್ಲ. ತಾವು ಸೋತರೆ ಆ ಸೋಲು ಬೇರೆ ಹೆಂಗಸರಿಗೆ ಸವಾಲಾಗಬೇಕು ಎಂಬುದು ಅವರ ನಿಲುವಾಗಿತ್ತು.

ಹಾಗೇ ಆಯಿತು ಕೂಡ. ಅವರು ಕಾಣೆಯಾಗುವ ಹಿಂದಿನ ವರ್ಷ, 1936ರಲ್ಲಿ, ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ಹಾರಿಸಿ ಪೈಲಟ್ ಪರವಾನಗಿ ಪಡೆದಿದ್ದರು. ಹಲವು ಕಂಪನಿಗಳು ಬೇಡವೆಂದ ಪ್ರೇಮ್ ಮಾಥೂರ್ ಅವರಿಗೆ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. 2021ರ ಜನವರಿ 11ರಂದು ಜೋಯಾ ಅಗರ್‌ವಾಲ್ ನಾಯಕತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿ ನಮ್ಮ ಬೆಂಗಳೂರಲ್ಲಿ ಇಳಿಯಿತು. ಇಂದು ವಿಮಾನಗಳ ಜಾಗವನ್ನು ಉಪಗ್ರಹ ತೋರಿಸುತ್ತದೆ. ಯಾವ ಫ್ರೀಕ್ವೆನ್ಸಿ, ಯಾವ ಗಡಿಯಾರ ಎಂಬುದು ಜಗತ್ತಿಗೆಲ್ಲ ಒಂದೇ ನಿಯಮ.

ಮುಂದಿನ ಸಲ ಮನೆಯ ಮಕ್ಕಳು ಅಮೇಲಿಯಾ ಬಗ್ಗೆ ಕೇಳಿದರೆ ನಿಗೂಢ ಕಥೆಯ ಜೊತೆಗೆ ಇದನ್ನೂ ಹೇಳಿ: ಆಕೆಗೆ ಧೈರ್ಯ ಕಡಿಮೆಯಿರಲಿಲ್ಲ, ಕಾದು ನಿಂತವರಿಗೆ ಕಾಳಜಿ ಕಡಿಮೆಯಿರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತದೆಯೇ ಎಂದು ಹೊರಡುವ ಮೊದಲೇ ಇಬ್ಬರೂ ಸೇರಿ ನೋಡಿಕೊಂಡಿರಲಿಲ್ಲ.