ಕ್ಯಾನ್ಸರ್ ಚಿಕಿತ್ಸೆಯಲ್ಲಿ ಜೈವಿಕ ಸೂಚಕಗಳ ಪಾತ್ರ

ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಒಂದೇ ಅಂಗದಲ್ಲಿ ಕಾಣಿಸಿಕೊಂಡ ಗಡ್ಡೆಗಳೂ ಆಂತರಿಕ ಸ್ವಭಾವದಲ್ಲಿ ಬೇರೆ ಬೇರೆಯಾಗಿರುವುದುಂಟು. ಆ ಸ್ವಭಾವವನ್ನು ತಿಳಿಸುವ, ಪ್ರಯೋಗಾಲಯದಲ್ಲಿ ಅಳೆಯಬಹುದಾದ ಗುರುತುಗಳನ್ನು ಜೈವಿಕ ಸೂಚಕಗಳು ಅಥವಾ ಬಯೋಮಾರ್ಕರ್‌ಗಳೆಂದು ಕರೆಯುತ್ತಾರೆ.

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದಕ್ಕೆ ಒಳ್ಳೆಯ ನಿದರ್ಶನ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬುವರು ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಗಿಡ್ಡವಾಗಿದ್ದ ವರ್ಣತಂತುವೊಂದನ್ನು ಕಂಡರು. ಊರಿನ ಹೆಸರೇ ಅದಕ್ಕೆ ನಿಂತಿತು. 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಂಡಿರುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಈ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ವಂಶವಾಹಿಯ ಪ್ರೋಟೀನು, ಬಿಳಿಯ ರಕ್ತಕಣಗಳಿಗೆ ಎಡೆಬಿಡದೆ ವೃದ್ಧಿಸುವಂತೆ ಆಜ್ಞೆ ನೀಡುತ್ತಿರುತ್ತದೆ. ಈ ದೋಷವು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ದಾಟುವಂಥದೂ ಅಲ್ಲ. ಮದುವೆಯ ಮಾತುಕತೆಗಳಲ್ಲಿ ಈ ವಿಷಯವಾಗಿ ಅಂಜುವವರು ಇದನ್ನು ಗಮನಿಸಬೇಕು.

ಆ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಗುಳಿಗೆಗೆ 2001ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಪ್ರಮುಖ ಅಧ್ಯಯನವೊಂದರಲ್ಲಿ, ಇದರಿಂದಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಹತ್ತು ವರ್ಷಗಳ ಬಳಿಕವೂ ಸುಮಾರು ಶೇಕಡಾ 83 ಮಂದಿ ಬದುಕಿದ್ದರು. ಈ ಗುಳಿಗೆಯ ಒಂದು ರೂಪಕ್ಕೆ ಪೇಟೆಂಟ್ ನೀಡಲು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರಾಕರಿಸಿದ್ದರಿಂದ, ಭಾರತೀಯ ಕಂಪನಿಗಳ ಅಗ್ಗದ ಗುಳಿಗೆಗಳು ರೋಗಿಗಳಿಗೆ ದೊರೆಯುವುದು ಮುಂದುವರಿಯಿತು.

ಸೂಚಕದ ಕೆಲಸ ಇಲ್ಲಿಗೆ ಮುಗಿಯದು. ರಕ್ತದಲ್ಲಿನ ಬಿಸಿಆರ್-ಎಬಿಎಲ್ ಪ್ರಮಾಣವನ್ನು ನಿಯತವಾಗಿ ಅಳೆಯುತ್ತಿರಬೇಕು. ಅದು ಮತ್ತೆ ಏರತೊಡಗಿದರೆ ಗುಳಿಗೆ ತಪ್ಪಿರಬಹುದು, ಅಥವಾ ಔಷಧಕ್ಕೆ ಬಗ್ಗದ ಹೊಸ ಬದಲಾವಣೆ ತಲೆದೋರಿರಬಹುದು. ಆಗ ವೈದ್ಯರು ಬೇರೆ ಔಷಧದತ್ತ ತಿರುಗುತ್ತಾರೆ. ಗೆಲುವಾಗಿದ್ದೇನೆಂದು ತಾವಾಗಿಯೇ ಗುಳಿಗೆ ನಿಲ್ಲಿಸುವುದು ಅಪಾಯಕರ.

ಸ್ತನದ ಕ್ಯಾನ್ಸರಿನಲ್ಲಿ ಹರ್-2 ಎಂಬ ಪ್ರೋಟೀನು ಇಂಥದೇ ಸೂಚಕ. ಸುಮಾರು ಶೇಕಡಾ 15ರಿಂದ 20ರಷ್ಟು ರೋಗಿಗಳ ಗಡ್ಡೆಗಳಲ್ಲಿ ಅದು ವಿಪರೀತವಾಗಿರುತ್ತದೆ. 1998ರಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದು ಅಂಥವರಿಗಾಗಿಯೇ ಇರುವಂಥದು. ಕರುಳಿನ ಕ್ಯಾನ್ಸರಿನಲ್ಲಿ ಇದಕ್ಕೆ ವಿಲೋಮವಾದ ಉದಾಹರಣೆಯಿದೆ: ಕೆರಾಸ್ ವಂಶವಾಹಿ ಕೆಟ್ಟಿದ್ದರೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಔಷಧವು ಫಲ ನೀಡದು. ಚಿಕಿತ್ಸೆಗೆಂದು ಅವಧಿಗೆ ಮುನ್ನವೇ ಠೇವಣಿ ಮುರಿಸಲು ಬರುವ ಕುಟುಂಬಗಳನ್ನು ಬ್ಯಾಂಕಿನ ಮೇಜಿನ ಈಚೆಯಿಂದ ಕಂಡಿರುವ ನನಗೆ, ಯಾವ ಔಷಧ ಬೇಡವೆಂದು ಹೇಳುವ ಈ ಪರೀಕ್ಷೆಯೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ.

ಎಲ್ಲ ಕ್ಯಾನ್ಸರುಗಳಿಗೂ ಇಂಥ ಸೂಚಕವಾಗಲಿ, ಅದಕ್ಕೆ ಹೊಂದುವ ಔಷಧವಾಗಲಿ ಇನ್ನೂ ದೊರೆತಿಲ್ಲ. ಆದರೂ ದುಬಾರಿ ಔಷಧ ಆರಂಭಿಸುವ ಮುನ್ನ ಯಾವ ಸೂಚಕದ ಪರೀಕ್ಷೆಯಾಗಿದೆ ಎಂದು ವೈದ್ಯರನ್ನು ಕೇಳಬಹುದು. ಬಯಾಪ್ಸಿಯ ಮೇಣದ ಬಿಲ್ಲೆಯನ್ನು ಪ್ರಯೋಗಾಲಯಗಳು ಕಾಪಿಡುತ್ತವೆ. ಇನ್ನೊಂದು ಪರೀಕ್ಷೆ ಬೇಕಾದಾಗ ಅನೇಕ ವೇಳೆ ಅದೇ ಸಾಕಾಗುತ್ತದೆ.