ಕೆಡವುವವರ ಕೈಗೆ ಕಟ್ಟುವ ಹೊಣೆ

ಒಂದು ಸರ್ಕಾರ ಉರುಳಿ ಬೀಳುವುದಕ್ಕೆ ಅರ್ಧ ಪ್ರತಿಶತ ಸಾಕೆ? 1930ರ ಮಾರ್ಚ್ 27ರಂದು ಬರ್ಲಿನ್ನಿನಲ್ಲಿ ನಡೆದುದನ್ನು ನೆನೆದರೆ ಸಾಕೆಂದೇ ತೋರುತ್ತದೆ. ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷದ ಹರ್ಮಾನ್ ಮ್ಯೂಲರ್ ಅವರು ಐದು ಪಕ್ಷಗಳನ್ನು ಕೂಡಿಸಿಕೊಂಡು 1928ರ ಜೂನ್ ತಿಂಗಳಿನಿಂದ ಆಡಳಿತ ನಡೆಸುತ್ತಿದ್ದರು. ಒಂದು ಕಡೆ ಕಾರ್ಮಿಕರ ಪಕ್ಷ, ಇನ್ನೊಂದು ಕಡೆ ಕೈಗಾರಿಕೋದ್ಯಮಿಗಳ ಬೆಂಬಲದ ಜನತಾ ಪಕ್ಷ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಾಗಿದ್ದರೂ ವಿದೇಶಾಂಗ ಸಚಿವ ಗುಸ್ತಾವ್ ಸ್ಟ್ರೇಸಮಾನ್ ಬದುಕಿರುವ ತನಕ ಗಾಡಿ ಹೇಗೋ ಸಾಗಿತು. ಜನತಾ ಪಕ್ಷವನ್ನು ಕೂಟದಲ್ಲಿ ಹಿಡಿದಿಟ್ಟಿದ್ದವರು ಅವರೇ. 1929ರ ಅಕ್ಟೋಬರ್ ಮೊದಲ ವಾರದಲ್ಲಿ ಅವರು ತೀರಿಕೊಂಡರು. ಅದೇ ತಿಂಗಳ ಕೊನೆಗೆ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು.

ಜರ್ಮನಿಯಲ್ಲಿ ಕೆಲಸವಿಲ್ಲದವರ ಸಂಖ್ಯೆ ಏರುತ್ತಾ ಹೋಯಿತು. ನಿರುದ್ಯೋಗ ವಿಮೆಯ ಬೊಕ್ಕಸ ಬರಿದಾಯಿತು. ವಿಮೆಯ ವಂತಿಗೆಯನ್ನು ಮೂರೂವರೆ ಪ್ರತಿಶತದಿಂದ ನಾಲ್ಕಕ್ಕೆ ಏರಿಸಬೇಕೆ, ಇಲ್ಲವೆ ಪರಿಹಾರವನ್ನು ಕಡಿಮೆ ಮಾಡಬೇಕೆ ಎಂಬುದೇ ಜಗಳ. ಕೊನೆಯ ಗಳಿಗೆಯಲ್ಲಿ ಕೇಂದ್ರ ಪಕ್ಷದ ಹೈನ್‌ರಿಖ್ ಬ್ರ್ಯೂನಿಂಗ್, ತೀರ್ಮಾನವನ್ನು ಮುಂದಕ್ಕೆ ಹಾಕುವ ರಾಜಿಸೂತ್ರವೊಂದನ್ನು ತಂದರು. ಮ್ಯೂಲರ್ ಅದನ್ನು ಒಪ್ಪಲು ಸಿದ್ಧರಿದ್ದರು. ಆದರೆ ಕಾರ್ಮಿಕ ಸಂಘಗಳ ಒತ್ತಾಯಕ್ಕೆ ಮಣಿದ ಅವರದೇ ಸಂಸದೀಯ ಪಕ್ಷ ಒಪ್ಪಲಿಲ್ಲ. ಅಂದು ಸಂಜೆ ಅವರು ರಾಜೀನಾಮೆ ಕೊಟ್ಟರು. ಸಭೆಯಲ್ಲಿ ಯಾರೂ ಅವಿಶ್ವಾಸ ಗೊತ್ತುವಳಿಯನ್ನು ಗೆಲ್ಲಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಮಾತಿಗೆ ನಾನು ಮತ್ತೆ ಬರುತ್ತೇನೆ.

ಅನಂತರದ ಕಥೆ ಎಲ್ಲರಿಗೂ ತಿಳಿದದ್ದೇ. ಬ್ರ್ಯೂನಿಂಗ್ ಅಧ್ಯಕ್ಷರ ಸುಗ್ರೀವಾಜ್ಞೆಗಳ ಬಲದಿಂದ ಆಳಿದರು. 1930ರ ಸೆಪ್ಟೆಂಬರ್ ಚುನಾವಣೆಯಲ್ಲಿ ನಾತ್ಸಿಗಳ ಸ್ಥಾನ 12ರಿಂದ 107ಕ್ಕೆ ನೆಗೆಯಿತು. 1932ರ ಜುಲೈ ವೇಳೆಗೆ 608 ಸದಸ್ಯರ ಸಭೆಯಲ್ಲಿ ನಾತ್ಸಿಗಳು 230, ಕಮ್ಯುನಿಸ್ಟರು 89. ಒಬ್ಬರನ್ನೊಬ್ಬರು ಬೀದಿಯಲ್ಲಿ ಹೊಡೆದಾಡುತ್ತಿದ್ದ ಈ ಎರಡು ಪಕ್ಷಗಳೂ ಸೇರಿದರೆ ಯಾವ ಸರ್ಕಾರವನ್ನಾದರೂ ಕೆಡವಬಹುದಾಗಿತ್ತು; ಒಂದನ್ನೂ ಕಟ್ಟುವಂತಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಚಾನ್ಸಲರ್ ಪಾಪೆನ್ ಅವರ ವಿರುದ್ಧ 512 ಮತಗಳು ಬಿದ್ದುವು, ಪರವಾಗಿ 42. ಆ 512 ಮಂದಿಯಲ್ಲಿ ಮುಂದಿನ ಚಾನ್ಸಲರ್ ಯಾರಾಗಬೇಕೆಂಬ ಬಗ್ಗೆ ಒಮ್ಮತವೇ ಇರಲಿಲ್ಲ. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದದ್ದೂ ಒಂದು ಸಮ್ಮಿಶ್ರ ಸಂಪುಟದ ಮುಖಂಡನಾಗಿಯೇ. ಆ ಸಂಪುಟದಲ್ಲಿ ಅವನನ್ನೂ ಸೇರಿಸಿ ನಾತ್ಸಿಗಳು ಮೂವರೇ ಇದ್ದರು. ಉಳಿದವರೆಲ್ಲ ತಾವು ಅವನಿಗೆ ಮೂಗುದಾರ ಹಾಕಿದ್ದೇವೆಂದು ನಂಬಿದ್ದ ಸಂಪ್ರದಾಯವಾದಿಗಳು.

ಯುದ್ಧ ಮುಗಿದ ಮೇಲೆ, 1948ರ ಸೆಪ್ಟೆಂಬರ್ 1ರಂದು, ಬಾನ್ ನಗರದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಹೊಸ ಸಂವಿಧಾನ ಬರೆಯಲು ಒಂದು ಮಂಡಲಿ ಉದ್ಘಾಟನೆಯಾಯಿತು. ಅಷ್ಟು ಜನ ಗಂಭೀರವಾಗಿ ಕೂಡುವುದಕ್ಕೆ ಬೇರೆ ಸ್ಥಳ ಸುಲಭವಾಗಿ ದೊರೆಯುವ ಕಾಲ ಅದಲ್ಲ. ಮತದ ಹಕ್ಕಿದ್ದ ಸದಸ್ಯರು 65 ಮಂದಿ. ಮತದ ಹಕ್ಕಿಲ್ಲದ ಬರ್ಲಿನ್ ಪ್ರತಿನಿಧಿಗಳಲ್ಲಿ ಪೌಲ್ ಲ್ಯೋಬೆ ಒಬ್ಬರು. ಮ್ಯೂಲರ್ ಸರ್ಕಾರ ಬಿದ್ದಾಗ ಸಂಸತ್ತಿನ ಅಧ್ಯಕ್ಷಪೀಠದಲ್ಲಿದ್ದವರು ಇದೇ ಲ್ಯೋಬೆ. ಹಳೆಯ ಗಣರಾಜ್ಯದ ಗಾಯ ಆ ಮಂಡಲಿಯಲ್ಲಿ ಹಲವರಿಗೆ ಮೈಮೇಲಿನ ಗಾಯವೇ ಆಗಿತ್ತು.

ಅವರು ಕಂಡುಕೊಂಡ ಮದ್ದು 67ನೆಯ ವಿಧಿಯಲ್ಲಿದೆ. ಸಂಸತ್ತು ಚಾನ್ಸಲರ್‌ನನ್ನು ತೆಗೆಯಬಹುದು. ಆದರೆ ಸದಸ್ಯರ ಪೂರ್ಣ ಬಹುಮತದಿಂದ ಅವನ ಉತ್ತರಾಧಿಕಾರಿಯನ್ನು ಆರಿಸಿಯೇ ತೆಗೆಯಬೇಕು. ಗೊತ್ತುವಳಿಗೂ ಆಯ್ಕೆಗೂ ನಡುವೆ 48 ಗಂಟೆಗಳ ಅಂತರವಿರಬೇಕು. ಇದನ್ನು ರಚನಾತ್ಮಕ ಅವಿಶ್ವಾಸ ಎನ್ನುತ್ತಾರೆ. ಅಂದರೆ ಕೆಡವುವವನ ಕೈಗೇ ಕಟ್ಟುವ ಹೊಣೆಯನ್ನೂ ಕೊಟ್ಟಂತಾಯಿತು. 1972ರ ಏಪ್ರಿಲ್‌ನಲ್ಲಿ ವಿಲಿ ಬ್ರಾಂಟ್ ಅವರನ್ನು ಹೀಗೆ ಇಳಿಸಲು ಹೊರಟ ರೈನರ್ ಬಾರ್ಟ್ಸೆಲ್ ಅವರಿಗೆ ಬೇಕಾದದ್ದು 249 ಮತ, ಬಂದದ್ದು 247. (ಆ ಮತದಾನದಲ್ಲಿ ಪೂರ್ವ ಜರ್ಮನಿಯ ಗುಪ್ತಚರ ಇಲಾಖೆಯ ಹಣದ ಕೈವಾಡವಿತ್ತೆಂಬುದು ಆಮೇಲೆ ಹೊರಬಿತ್ತು. ವಿಧಿ ಎಷ್ಟೇ ಚೆನ್ನಾಗಿರಲಿ, ಹಣ ತನ್ನ ದಾರಿಯನ್ನು ತಾನು ಹುಡುಕಿಕೊಳ್ಳುತ್ತದೆ.) 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಕೋಲ್ ಅವರು 256 ಮತ ಪಡೆದು ಹೆಲ್ಮುಟ್ ಷ್ಮಿಟ್ ಅವರ ಜಾಗಕ್ಕೆ ಬಂದರು. ಜರ್ಮನಿಯ ಕೇಂದ್ರ ಸರ್ಕಾರದಲ್ಲಿ ಈ ವಿಧಿ ಫಲಿಸಿದ್ದು ಅದೊಂದೇ ಸಲ.

ಈಗ ಮೊದಲಿನ ಮಾತಿಗೆ ಬರೋಣ. ಈ ವಿಧಿ 1930ರಲ್ಲಿ ಇದ್ದಿದ್ದರೆ ಮ್ಯೂಲರ್ ಉಳಿಯುತ್ತಿದ್ದರೆ? ಇಲ್ಲವೆಂದೇ ನನ್ನ ಭಾವನೆ. ಅವರನ್ನು ಎದುರಾಳಿಗಳು ಕೆಡವಲಿಲ್ಲ, ಮನೆಯವರು ಕೈಬಿಟ್ಟರು. ವೈಮರ್ ಗಣರಾಜ್ಯದ 14 ವರ್ಷಗಳಲ್ಲಿ ಇಪ್ಪತ್ತರಷ್ಟು ಸಂಪುಟಗಳು ಬಂದು ಹೋದುವು. ಅವುಗಳಲ್ಲಿ ಸಭೆಯ ಅವಿಶ್ವಾಸದಿಂದ ಬಿದ್ದವು ಕೆಲವೇ. ಮಿಕ್ಕವು ಕೂಟ ಒಡೆದು, ಒಳಜಗಳದಿಂದ ಬಿದ್ದಂಥವು. ಮಂತ್ರಿಯಾದವನನ್ನೂ ಅವನ ಪಕ್ಷವೇ ಅರ್ಧ ಪರಕೀಯನೆಂಬಂತೆ ನೋಡುತ್ತಿದ್ದ ಕಾಲ ಅದು. ಬಾನ್‌ನಲ್ಲಿ ಬದಲಾದದ್ದು ಈ ಮನೋಧರ್ಮ. ಕೊನ್ರಾಡ್ ಅಡೆನೌವರ್ 1949ರಲ್ಲಿ 402ರಲ್ಲಿ ಸರಿಯಾಗಿ 202 ಮತ ಪಡೆದು ಚಾನ್ಸಲರ್ ಆದರು; ಒಂದು ಮತ ಕಡಿಮೆಯಾಗಿದ್ದರೂ ಆ ಸುತ್ತಿನಲ್ಲಿ ಆಗುತ್ತಿರಲಿಲ್ಲ. ಅಂಥವರು 14 ವರ್ಷ ನಡೆಸಿದರು. ಐದು ಪ್ರತಿಶತ ಮತ ಪಡೆಯದ ಪಕ್ಷಗಳನ್ನು ಹೊರಗಿಡುವ ನಿಯಮ ನೆರವಾಯಿತು. ಯುದ್ಧಾನಂತರದ ಸಮೃದ್ಧಿ ಅದಕ್ಕಿಂತ ಹೆಚ್ಚು ನೆರವಾಯಿತು. 1961ರಲ್ಲಿ ಕೂಟದ ಪಕ್ಷಗಳು ತಮ್ಮ ಒಪ್ಪಂದವನ್ನು ಬರೆದಿಟ್ಟವು. ಮುಂದೆ ಅದೇ ಸಂಪ್ರದಾಯವಾಗಿ ಒಪ್ಪಂದಗಳು ನೂರು ಪುಟ ಮೀರಿದವು. ಆ ಪುಟಗಳೂ ರಕ್ಷೆಯಲ್ಲವೆಂಬುದು 2024ರ ನವೆಂಬರ್‌ನಲ್ಲಿ ತಿಳಿಯಿತು: ಓಲಾಫ್ ಷೋಲ್ಟ್ಸ್ ಅವರ ಮೂರು ಪಕ್ಷಗಳ ಸರ್ಕಾರ ಬಜೆಟ್ಟಿನ ಜಗಳದಲ್ಲೇ ಒಡೆಯಿತು.

ಬೇರೆ ದೇಶಗಳು ಎರವಲು ಪಡೆದದ್ದು ವಿಧಿಯನ್ನು; ಅಭ್ಯಾಸವನ್ನು ಯಾರೂ ಎರವಲು ತರಲಾರರು. ಸ್ಪೇನ್ 1978ರ ತನ್ನ ಸಂವಿಧಾನದಲ್ಲಿ ಅದನ್ನು ಸೇರಿಸಿಕೊಂಡಿತು. 2018ರ ಜೂನ್ 1ರಂದು ರಹೋಯ್ ಅವರನ್ನು ಇಳಿಸಿ ಪೆದ್ರೊ ಸಾಂಚೆಸ್ ಬಂದದ್ದು ಅದರ ಮೂಲಕವೇ. ಆದರೆ ಕೂಡಿ ಬಾಳಲು ಕಲಿಯದ ಪಕ್ಷಗಳಿಂದಾಗಿ ಅದೇ ದೇಶ 2019ರಲ್ಲಿ ಏಪ್ರಿಲ್ ಮತ್ತು ನವೆಂಬರ್‌ಗಳಲ್ಲಿ ಎರಡು ಸಲ ಸಾರ್ವತ್ರಿಕ ಚುನಾವಣೆ ನಡೆಸಬೇಕಾಯಿತು.

ನಮ್ಮ ದೇಶದಲ್ಲೂ ಈ ವಿಚಾರ ಬಾರದೆ ಇಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿ ಅವರ ಸರ್ಕಾರ 269ಕ್ಕೆ 270ರಂತೆ ಒಂದೇ ಮತದಿಂದ ಬಿತ್ತು. ಬೀಳಿಸಿದವರಿಗೆ ಬದಲಿ ಸರ್ಕಾರ ಕಟ್ಟಲಾಗಲಿಲ್ಲ. ದೇಶ ಮತ್ತೆ ಚುನಾವಣೆಗೆ ಹೋಯಿತು. ಬಾನ್‌ನ ವಿಧಿ ತಡೆಯಬಲ್ಲ ಅಪಘಾತಕ್ಕೆ ಇದು ತಕ್ಕ ನಿದರ್ಶನ. 2002ರಲ್ಲಿ ವರದಿ ಕೊಟ್ಟ ಸಂವಿಧಾನ ಪರಾಮರ್ಶೆ ಆಯೋಗಕ್ಕೆ ಕನ್ನಡ ನಾಡಿನವರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ ಅಧ್ಯಕ್ಷರು. ಅವಿಶ್ವಾಸ ಗೊತ್ತುವಳಿಯ ಜೊತೆಗೆ ಬದಲಿ ನಾಯಕನ ಹೆಸರನ್ನೂ ಸೂಚಿಸಬೇಕೆಂದು ಆ ವರದಿ ಸಲಹೆ ಮಾಡಿತು. ಸಲಹೆ ಕಾಗದದಲ್ಲೇ ಉಳಿಯಿತು.

ಅದು ಜಾರಿಗೆ ಬಂದಿದ್ದರೂ 2019ರ ಜುಲೈ 23ರ ಬೆಂಗಳೂರಿಗೆ ಉಪಯೋಗವಾಗುತ್ತಿರಲಿಲ್ಲ. ಅಂದು ವಿಧಾನಸಭೆಯಲ್ಲಿ 14 ತಿಂಗಳ ಸಮ್ಮಿಶ್ರ ಸರ್ಕಾರ 99ಕ್ಕೆ 105ರಂತೆ ವಿಶ್ವಾಸ ಕಳೆದುಕೊಂಡಿತು. ಬದಲಿ ನಾಯಕರು ಎದುರು ಸಾಲಿನಲ್ಲಿ ಸಿದ್ಧರಾಗಿಯೇ ಕುಳಿತಿದ್ದರು. ಆ ಸರ್ಕಾರಕ್ಕೂ ಸಮನ್ವಯ ಸಮಿತಿಯಿತ್ತು. ಆದರೆ ಲೆಕ್ಕ ತಪ್ಪಿದ್ದು ಎದುರು ಸಾಲಿನಿಂದಲ್ಲ. ರಾಜೀನಾಮೆ ಬರೆದುಕೊಟ್ಟು ಅಂದು ಸದನಕ್ಕೆ ಬಾರದೆ ಉಳಿದ, ಆಳುವ ಕೂಟದವರದೇ ಖಾಲಿ ಕುರ್ಚಿಗಳಿಂದ.