ಹಾಂಡಿಯಿಂದ ಆಮ್ಲಜನಕದ ಚೀಲಕ್ಕೆ: ಮೀನುಮರಿಗಳ ಪಯಣದ ಚರಿತ್ರೆ

ಕರ್ನಾಟಕದ ಯಾವುದೇ ದೊಡ್ಡ ಕೆರೆಯ ಬಳಿ ಇಂದು ಮೀನು ಕೊಳ್ಳಲು ನಿಂತರೆ ನಮಗೆ ಮೊದಲು ಎದುರಾಗುವವು ಕಾಟ್ಲಾ, ರೋಹು, ಮೃಗಾಲ್. ಅವು ನಮ್ಮ ಕೆರೆಗಳಷ್ಟೇ ಹಳೆಯವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಇವು ಗಂಗೆಯೇ ಮೊದಲಾದ ಮಹಾನದಿಗಳ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಆದರೆ ಅಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಮಳೆಗಾಲದ ಹೊಸನೀರಿನ ಪ್ರವಾಹವೇ ಬೇಕು. ಆದ್ದರಿಂದ ಕೆರೆಯಲ್ಲಿ ಇವನ್ನು ಸಾಕುವವರು ಪ್ರತಿಯೊಂದು ತಲೆಮಾರನ್ನೂ ಬೇರೆಡೆಯಿಂದ ಜೀವಂತವಾಗಿ ಹೊತ್ತು ತರಬೇಕಾಗಿತ್ತು. ಭಾರತದ ಕೆರೆ ಮೀನುಗಾರಿಕೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಹೊರುವಿಕೆಯ ಚರಿತ್ರೆಯೇ ಆಗಿದೆ.

ಈ ವಿದ್ಯೆಯನ್ನು ಕರಗತ ಮಾಡಿಕೊಂಡವರು ಬಂಗಾಳದ ಮೀನುಗಾರರು. ಮಳೆಗಾಲದಲ್ಲಿ ನದಿಯ ಅಂಚಿಗೆ ಸಣ್ಣ ಕಣ್ಣಿನ ಬಲೆಗಳನ್ನು ಒಡ್ಡಿ, ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ಮರಿಗಳನ್ನು ಅವರು ಹಿಡಿಯುತ್ತಿದ್ದರು. ಅವನ್ನು ತುಂಬುತ್ತಿದ್ದುದು ‘ಹಾಂಡಿ’ ಎಂಬ ಮಣ್ಣಿನ ಮಡಕೆಗಳಲ್ಲಿ. ಇಪ್ಪತ್ತು ಮೂವತ್ತು ಲೀಟರ್ ನೀರು ಹಿಡಿಯುವ ಒಂದು ಮಡಕೆಯಲ್ಲಿ ಸಾವಿರಾರು ಮರಿಗಳು. ಅಡ್ಡೆಯ ಎರಡು ತುದಿಗೆ ಎರಡು ಮಡಕೆಗಳನ್ನು ತೂಗುಹಾಕಿ ಹೆಗಲ ಮೇಲೆ ಹೊತ್ತು ನಡೆಯುವುದು ಹಳೆಯ ಕ್ರಮ. ರೈಲು ಬಂದ ಮೇಲೆ ಇದೇ ಮಡಕೆಗಳು ಹೌರಾ ನಿಲ್ದಾಣವನ್ನು ಸೇರಿ ದೂರದ ಪ್ರಾಂತಗಳಿಗೆ, ಮುಂಬಯಿಗೂ, ಪಯಣ ಬೆಳೆಸಿದವು.

ಮಡಕೆಯ ಆಯ್ಕೆಯಲ್ಲಿಯೇ ಒಂದು ವಿವೇಕವಿತ್ತು. ಮಣ್ಣಿನ ಮೈಯಿಂದ ಒಸರುವ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪಾಗಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಸೆಕೆ ಏರಿದಂತೆ ಮೀನಿನ ಉಸಿರಾಟವೂ ಚುರುಕಾಗುವುದರಿಂದ ಬೇಡಿಕೆ ಏರುತ್ತದೆ, ಸರಬರಾಜು ಇಳಿಯುತ್ತದೆ. ಈ ಲೆಕ್ಕ ಆ ಮೀನುಗಾರರ ಕೈಯಲ್ಲಿರಲಿಲ್ಲ. ಅದರ ಫಲಿತಾಂಶ ಮಾತ್ರ ಅವರಿಗೆ ಚೆನ್ನಾಗಿ ತಿಳಿದಿತ್ತು. ದಾರಿಯುದ್ದಕ್ಕೂ ಮಡಕೆಯನ್ನು ಅಲುಗಿಸುತ್ತ, ಅಂಗೈಯಿಂದ ನೀರನ್ನು ಚಿಮ್ಮಿಸುತ್ತ ಗಾಳಿಯನ್ನು ಬೆರೆಸುತ್ತಿದ್ದರು. ಪುಡಿಮಾಡಿದ ಕೆಮ್ಮಣ್ಣನ್ನು ನೀರಿಗೆ ಉದುರಿಸುವುದೂ ಉಂಟು: ಸತ್ತ ಮರಿಗಳ ಹಾಗೂ ಹೊಲಸಿನ ಕಣಗಳು ಮಣ್ಣಿನೊಡನೆ ಕೂಡಿ ತಳಕ್ಕೆ ಇಳಿಯುತ್ತಿದ್ದವು. ಪಯಣಕ್ಕೆ ಮೊದಲು ಮರಿಗಳನ್ನು ಕೆಲವು ಗಂಟೆಗಳ ಕಾಲ ಇಕ್ಕಟ್ಟಾದ ಬಟ್ಟೆಯ ಆವರಣದಲ್ಲಿ ಉಪವಾಸವಿಡುವ ಪದ್ಧತಿಯೂ ರೂಢಿಗೆ ಬಂದಿತು. ಹೊಟ್ಟೆ ಖಾಲಿಯಿದ್ದ ಮರಿ ದಾರಿಯಲ್ಲಿ ನೀರನ್ನು ಕೆಡಿಸುವುದಿಲ್ಲ. ಇಕ್ಕಟ್ಟಿಗೆ ಹೊಂದಿಕೊಂಡದ್ದು ಗಾಬರಿಯಿಂದ ಬಳಲುವುದೂ ಇಲ್ಲ. ಇಷ್ಟೆಲ್ಲ ಎಚ್ಚರವಿದ್ದರೂ ರಾತ್ರಿ ರೈಲಿನಲ್ಲಿ ಹೊತ್ತವನು ನಿದ್ದೆಗೆ ಜಾರಿದರೆ ಮಡಕೆ ಪೂರ್ತಿ ನಷ್ಟ.

ಈ ವ್ಯವಸ್ಥೆಯನ್ನು ಎರಡು ಸಂಗತಿಗಳು ಬದಲಿಸಿದವು. ಮೊದಲನೆಯದು, 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದುದು. ಆ ದಿನವನ್ನು ದೇಶ ಇಂದಿಗೂ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಮರಿಗಳಿಗಾಗಿ ಗಂಗೆಯ ದಡಕ್ಕೆ ಹೋಗಬೇಕಾದ ಅನಿವಾರ್ಯತೆ ಕ್ರಮೇಣ ತಪ್ಪಿತು. ಕರ್ನಾಟಕದಲ್ಲಿಯೂ ಭದ್ರಾ, ತುಂಗಭದ್ರಾ ಅಣೆಕಟ್ಟೆಗಳ ಬಳಿ ಮೀನುಮರಿ ಕೇಂದ್ರಗಳು ನೆಲೆಗೊಂಡವು. ಎರಡನೆಯದು ಪ್ಲಾಸ್ಟಿಕ್ ಚೀಲ. ಮೂರನೆಯ ಒಂದು ಪಾಲು ನೀರು, ಉಳಿದೆರಡು ಪಾಲು ಆಮ್ಲಜನಕ ತುಂಬಿ ಬಾಯಿ ಬಿಗಿದು, ಚೀಲವನ್ನು ತಗಡಿನ ಡಬ್ಬದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಇಟ್ಟರಾಯಿತು. ರಾತ್ರಿಯಿಡೀ ಮಡಕೆ ಅಲುಗಿಸುವ ಕೈಗೆ ಬಿಡುವು ದೊರೆಯಿತು.

ಆದರೂ ಹಳೆಯ ಎಚ್ಚರಗಳು ಹಾಗೆಯೇ ಉಳಿದವು. ಮುಚ್ಚಿದ ಚೀಲದಲ್ಲಿ ಉಸಿರಿಗೆ ಕೊರತೆಯಿಲ್ಲದಿದ್ದರೂ ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯಾ ಕೂಡಿಕೊಳ್ಳುತ್ತ ಹೋಗುತ್ತವೆ. ಮೊದಲನೆಯದು ನೀರನ್ನು ಆಮ್ಲೀಯಗೊಳಿಸಿ ಎರಡನೆಯದರ ವಿಷವನ್ನು ತಗ್ಗಿಸಿ ಇಟ್ಟಿರುತ್ತದೆ. ಊರು ಮುಟ್ಟಿದೊಡನೆ ಅವಸರದಿಂದ ಮರಿಗಳನ್ನು ಕೆರೆಗೆ ಸುರಿದರೆ ನೀರಿನ ಗುಣವೂ ಉಷ್ಣತೆಯೂ ಒಮ್ಮೆಲೇ ಬದಲಾಗಿ, ದಾರಿಯಲ್ಲಿ ಬದುಕಿದ್ದವು ದಡದಲ್ಲಿ ಸಾಯುತ್ತವೆ. ಆದ್ದರಿಂದಲೇ ಚೀಲವನ್ನು ಮೊದಲು ಕೆರೆಯ ಮೇಲೆ ತೇಲಿಬಿಟ್ಟು, ಬಳಿಕ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬೆರೆಸಿ, ಮರಿಗಳು ತಾವಾಗಿ ಹೊರಗೆ ಈಜುವಂತೆ ಬಿಡುತ್ತಾರೆ.

ಈ ಚರಿತ್ರೆಯ ಇನ್ನೊಂದು ಅಧ್ಯಾಯ ಮುಂಬಯಿ, ಪುಣೆಗಳ ನಡುವೆ ಓಡಾಡುವ ನಮ್ಮವರ ದಾರಿಯಲ್ಲಿಯೇ ಇದೆ. ಪುಣೆಯ ಮುಳಾ-ಮುಠಾ ನದಿಯ ಮಹಶೀರ್ ಮೀನನ್ನು 1839ರಲ್ಲಿ ಸೈಕ್ಸ್ ‘ಖುದ್ರೀ’ ಎಂಬ ಹೆಸರಿನಿಂದ ವಿಜ್ಞಾನಕ್ಕೆ ಪರಿಚಯಿಸಿದನು. ಕ್ಷೀಣಿಸುತ್ತಿದ್ದ ಆ ಜಾತಿಯನ್ನು ಉಳಿಸಲೆಂದು 1970ರ ದಶಕದಲ್ಲಿ ಲೋಣಾವಳದ ಟಾಟಾ ಜಲವಿದ್ಯುತ್ ಜಲಾಶಯದ ಬಳಿ ಮರಿ ಮಾಡಿಸುವ ಕಾರ್ಯ ಆರಂಭವಾಯಿತು. ಮಹಶೀರಿನ ಮೊಟ್ಟೆ ಒಡೆಯಲು ಕೆಲವು ದಿನಗಳೇ ಬೇಕು. ಇದನ್ನು ಬಳಸಿಕೊಂಡು ಕುಲಕರ್ಣಿ ಮತ್ತು ಓಗಲೆ ಎಂಬ ವಿಜ್ಞಾನಿಗಳು ಮೊಟ್ಟೆಗಳನ್ನು ಒದ್ದೆ ಹತ್ತಿಯ ನಡುವೆ ಇಟ್ಟು, ನೀರಿನ ಭಾರವೇ ಇಲ್ಲದೆ, ವಿಮಾನದಲ್ಲಿ ಕಳುಹಿಸುವ ಉಪಾಯ ಕಂಡುಹಿಡಿದರು. ಸಾಗಣೆಯ ದೃಷ್ಟಿಯಿಂದ ಇದಕ್ಕಿಂತ ಹಗುರವಾದ ವಿಧಾನವನ್ನು ನಾವು ಕಾಣೆವು.

ಲೋಣಾವಳದ ಮರಿಗಳು ಕಾವೇರಿಗೂ ಬಂದವು. ಕಾವೇರಿಗಾದರೋ ತನ್ನದೇ ಆದ ಮಹಶೀರ್ ಇತ್ತು: ಬೆನ್ನುಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ದೈತ್ಯ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ 120 ಪೌಂಡಿನ ಮೀನು ಇಂದಿಗೂ ದಾಖಲೆಯೆನಿಸಿದೆ. ಹೊರಗಿನಿಂದ ಬಂದ ನೀಲಿ ರೆಕ್ಕೆಯ ಬಂಧು ಕಾವೇರಿಯಲ್ಲಿ ಹೆಚ್ಚುತ್ತ ಹೋದಂತೆ ಮೂಲನಿವಾಸಿ ಕಣ್ಮರೆಯಾಗತೊಡಗಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳೂ ಈ ನಾಶದಲ್ಲಿ ಪಾಲುಗೊಂಡಿವೆ. 2018ರಲ್ಲಿ ವಿಜ್ಞಾನಿಗಳು ಇದು ‘ಟಾರ್ ರೆಮಾದೇವಿ’ ಎಂಬ ಜಾತಿಯೆಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು.

ಇಲ್ಲಿ ಯಾರ ಉದ್ದೇಶವನ್ನೂ ನಾವು ಶಂಕಿಸಬೇಕಾಗಿಲ್ಲ. ಮರಿ ಜೀವಂತವಾಗಿ ತಲುಪೀತೇ ಎಂಬ ಪ್ರಶ್ನೆ ಅಷ್ಟು ಕಠಿಣವಾಗಿದ್ದ ಕಾಲದಲ್ಲಿ, ತಲುಪಬೇಕೇ ಎಂಬ ಪ್ರಶ್ನೆ ಬಹಳ ಮಂದಿಗೆ ಹೊಳೆಯಲಿಲ್ಲ. ಮಡಕೆಯ ಮಿತಿಯೇ ಆಗ ನದಿಗಳ ನಡುವಣ ಬೇಲಿಯಾಗಿತ್ತು. ಆ ಬೇಲಿ ಬಿದ್ದ ಮೇಲೆ ಅದರ ಸ್ಥಾನದಲ್ಲಿ ನಮ್ಮ ವಿವೇಚನೆಯೇ ನಿಲ್ಲಬೇಕು. ಕಾವೇರಿಯ ಬಿಳಿಮೀನನ್ನು ಉಳಿಸಲು ನಾಳೆ ಮರಿ ಮಾಡಿಸುವುದಾದರೆ, ಉಳಿದಿರುವ ಕೆಲವೇ ಮೀನುಗಳನ್ನು ಹಿಡಿದು, ತಂಪು ನೀರಿನಲ್ಲಿ, ಘಾಸಿಯಾಗದಂತೆ ಕೊಳಕ್ಕೆ ಸಾಗಿಸಬೇಕಾಗುತ್ತದೆ. ಹಾಂಡಿ ಹೊತ್ತವರು ಕಲಿಸಿದ ಎಚ್ಚರ ಆಗಲೂ ಬೇಕು. ಅದರ ಜೊತೆಗೆ, ಯಾವ ನದಿಯ ಮೀನು ಯಾವ ನದಿಗೆ ಸೇರಬೇಕೆಂಬ ಎಚ್ಚರವೂ ಬೇಕು.